ಮೂರು ಕೀಮೋ ಆದರೂ ಗಡ್ಡೆ ಕರಗಿಲ್ಲ: ಮದ್ದು ನಾಟಿಲ್ಲವೇ?

ಪ್ರಶ್ನೆ: ಡಾಕ್ಟರೇ, ನಮ್ಮದು ಬೇಲೂರು ತಾಲ್ಲೂಕು, ಅರೇಹಳ್ಳಿ ಕಡೆ. ನನ್ನ ತಮ್ಮನಿಗೆ 44 ವರ್ಷ. ಬಲತೊಡೆಯಲ್ಲಿ ದೊಡ್ಡ ಗಡ್ಡೆ. ಬಯಾಪ್ಸಿಯಲ್ಲಿ ಸಾಫ್ಟ್ ಟಿಶ್ಯೂ ಸಾರ್ಕೋಮಾ (ಮಾಂಸ, ಕೊಬ್ಬಿನಂಥ ಮೆದು ಭಾಗದ ಕ್ಯಾನ್ಸರ್), ಹೈ ಗ್ರೇಡ್ (ಉಗ್ರ ಬಗೆ) ಎಂದು ಬಂತು. ಆಪರೇಷನ್‌ಗೆ ಮೊದಲು ಗಡ್ಡೆಯನ್ನು ಹದಕ್ಕೆ ತರಬೇಕೆಂದು ಬೆಂಗಳೂರಿನಲ್ಲಿ ಮೂರು ಕೀಮೋ ಕೊಟ್ಟರು. ಮೊದಲ ಎಂಆರ್‌ಐನಲ್ಲಿ ಗಡ್ಡೆ 12.4 ಸೆಂ.ಮೀ. ಇತ್ತು, ಈಗ 12.9 ಇದೆ. ರಿಪೋರ್ಟಿನಲ್ಲಿ ‘ಸ್ಟೇಬಲ್ ಡಿಸೀಸ್’ ಎಂದು ಬರೆದಿದ್ದಾರೆ. ಕೀಮೋ ದಂಡವಾಯಿತು ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದಾರೆ. ಭಾವ ಕಾಲು ತೆಗೆಸಿಬಿಡೋಣ ಎನ್ನುತ್ತಾರೆ, ಚಿಕ್ಕಪ್ಪ ನಾಟಿ ವೈದ್ಯರ ಹತ್ತಿರ ಹೋಗೋಣ ಎನ್ನುತ್ತಾರೆ. ಗಡ್ಡೆ ಮೊದಲಿಗಿಂತ ಮೆತ್ತಗಾಗಿದೆ, ರಾತ್ರಿ ನೋವಿಗೆ ಎದ್ದು ಕೂರುವುದು ನಿಂತಿದೆ. ಕೀಮೋ ಕೆಲಸ ಮಾಡಿದೆಯೋ ಇಲ್ಲವೋ ಎಂದು ನೀವು ಡಾಕ್ಟರುಗಳು ಹೇಗೆ ತಿಳಿಯುತ್ತೀರಿ?

ಉತ್ತರ: ನಿಮ್ಮ ಪತ್ರದ ಎರಡು ಸಾಲುಗಳನ್ನು ನಾನು ಮತ್ತೆ ಮತ್ತೆ ಓದಿದೆ. 12.4 ಇದ್ದದ್ದು 12.9 ಆಗಿದೆ ಎಂಬುದು ಒಂದು. ಕೊನೆಯಲ್ಲಿ, ಅಷ್ಟೇನೂ ಒತ್ತು ಕೊಡದೆ ಬರೆದದ್ದು ಇನ್ನೊಂದು: ಗಡ್ಡೆ ಮೆತ್ತಗಾಗಿದೆ, ರಾತ್ರಿ ನೋವು ನಿಂತಿದೆ. ನನ್ನ ಮಟ್ಟಿಗೆ ಎರಡನೆಯ ಸಾಲೇ ದೊಡ್ಡ ಸುದ್ದಿ. ಮೊದಲೇ ಹೇಳಿಬಿಡುತ್ತೇನೆ. ಅರ್ಧ ಸೆಂಟಿಮೀಟರಿನ ಈ ಒಂದು ಅಳತೆಯನ್ನು ಹಿಡಿದು ಕೀಮೋ ದಂಡವಾಯಿತೆಂದು ಯಾರೂ ತೀರ್ಮಾನಿಸಬಾರದು, ಆಪರೇಷನ್‌ಗೆ ಕೊಟ್ಟ ದಿನವನ್ನು ತಪ್ಪಿಸಲೂ ಬಾರದು.

ನಿಮ್ಮ ಕಡೆಯ ಕಾಫಿ ತೋಟದ ಒಂದು ಕೆಲಸವನ್ನೇ ನೆನೆಸಿಕೊಳ್ಳಿ. ಕೊಯ್ದ ಹಣ್ಣನ್ನು ಪಲ್ಪರ್‌ಗೆ ಹಾಕುವ ಮೊದಲು ನೀರಿಗೆ ಬಿಡುತ್ತೀರಿ. ಗಟ್ಟಿ ಹಣ್ಣು ಮುಳುಗುತ್ತದೆ, ಕಾಯಿಕೊರಕ ತಿಂದದ್ದು, ಒಳಗೆ ಕಾಳು ಕಟ್ಟದೇ ಇದ್ದದ್ದು ತೇಲುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಎರಡರ ಗಾತ್ರವೂ ಒಂದೇ. ಜೊಳ್ಳು ಯಾವುದು ಎಂದು ಹೇಳುವುದು ಒಳಗಿನ ತೂಕ. ಕೀಮೋ ನಂತರದ ಸಾರ್ಕೋಮಾ ಗಡ್ಡೆಯ ವಿಚಾರವೂ ಬಹುಮಟ್ಟಿಗೆ ಹೀಗೇ. ಹೊರಗಿನ ಅಳತೆ ಅಷ್ಟೇ ಇದ್ದು, ಒಳಗೆ ಬಹುಪಾಲು ಸತ್ತಿರಬಹುದು.

ಲಿಂಫೋಮಾದಂಥ ಕ್ಯಾನ್ಸರ್‌ನಲ್ಲಿ ಗಂಟೆಂದರೆ ಬಹುತೇಕ ಜೀವಕೋಶಗಳ ರಾಶಿ. ಅವು ಸತ್ತರೆ ಗಂಟು ಮಂಜಿನ ಹಾಗೆ ಇಳಿದುಹೋಗುತ್ತದೆ, ಮನೆಯವರ ಕಣ್ಣಿಗೂ ಕಾಣುತ್ತದೆ. ಸಾರ್ಕೋಮಾ ಹುಟ್ಟುವುದು ಮಾಂಸ, ಕೊಬ್ಬು, ನಾರಿನಂಥ ಅಂಗಾಂಶಗಳ ಜಾತಿಯಿಂದ. ಅದರಲ್ಲಿ ಕ್ಯಾನ್ಸರ್ ಕೋಶಗಳ ಜೊತೆಗೆ ನಾರು, ಲೋಳೆಯಂಥ ಪದಾರ್ಥ, ರಕ್ತನಾಳ ಎಲ್ಲವೂ ಹೆಣೆದುಕೊಂಡಿರುತ್ತವೆ. ಕೋಶ ಸತ್ತರೂ ಆ ಹೆಣಿಗೆ ಉಳಿದೇ ಇರುತ್ತದೆ. ಸತ್ತ ಭಾಗ ಕರಗಿ ನೀರಾಗಿ ಅಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಒಳಗೆ ರಕ್ತ ಸೋರಿ ಗಡ್ಡೆ ಉಬ್ಬುತ್ತದೆ. ಹನ್ನೆರಡು ಸೆಂಟಿಮೀಟರಿನಷ್ಟು ದೊಡ್ಡ ಗಡ್ಡೆಯ ಕಸವನ್ನು ದೇಹ ಎರಡು ತಿಂಗಳಲ್ಲಿ ಹೊತ್ತು ಹಾಕಲಾರದು. ಹಾಗಾಗಿ ಮದ್ದು ನಾಟಿದ ಗಡ್ಡೆಯೂ ಸ್ವಲ್ಪ ಹಿಗ್ಗಿದಂತೆ ಕಾಣಬಹುದು.

ಈಗ ‘ಸ್ಟೇಬಲ್ ಡಿಸೀಸ್’ ಎಂಬ ಮಾತು. ಇದು ರೆಸಿಸ್ಟ್ ಎಂಬ ಅಳತೆಯ ನಿಯಮದಿಂದ ಬಂದದ್ದು. 2000ದಲ್ಲಿ ಬಂದ ನಿಯಮ, 2009ರಲ್ಲಿ ಪರಿಷ್ಕರಣೆಯಾಯಿತು. ಇದು ನೋಡುವುದು ಗಡ್ಡೆಯ ಅತಿ ಉದ್ದದ ಅಳತೆಯನ್ನು ಮಾತ್ರ. ಅದು ಶೇ 30ರಷ್ಟು ಇಳಿದರೆ ಭಾಗಶಃ ಸ್ಪಂದನೆ. ಶೇ 20ರಷ್ಟು, ಜೊತೆಗೆ ಕನಿಷ್ಠ 5 ಮಿಲಿಮೀಟರ್ ಏರಿದರೆ ರೋಗ ಮುಂದುವರಿದಿದೆ ಎಂದು ಲೆಕ್ಕ. ಈ ಎರಡರ ನಡುವೆ ಇರುವುದೆಲ್ಲ ‘ಸ್ಟೇಬಲ್’. ನಿಮ್ಮ ತಮ್ಮನ ಲೆಕ್ಕ ಹಾಕೋಣ. 12.4 ಇದ್ದ ಗಡ್ಡೆ ಸುಮಾರು 8.7ಕ್ಕೆ ಇಳಿದಿದ್ದರೆ ಮಾತ್ರ ‘ಸ್ಪಂದನೆ’ ಎಂದು ಬರೆಯುತ್ತಿದ್ದರು. ಸುಮಾರು 14.9ಕ್ಕೆ ಏರಿದ್ದರೆ ‘ಮುಂದುವರಿದಿದೆ’ ಎಂದು ಬರೆಯುತ್ತಿದ್ದರು. 12.9 ಎಂದರೆ ಶೇ 4ರಷ್ಟು ಹೆಚ್ಚಳ. ಸ್ಕ್ಯಾನ್ ಟೇಬಲಿನ ಮೇಲೆ ಕಾಲು ಸ್ವಲ್ಪ ತಿರುಗಿ ಮಲಗಿದರೂ, ಅಳೆಯುವವರು ಒಂದು ಪದರ ಆಚೆ ಗೆರೆ ಎಳೆದರೂ ಇಷ್ಟು ವ್ಯತ್ಯಾಸ ಬರುತ್ತದೆ.

ಇನ್ನೊಂದು ಲೆಕ್ಕವನ್ನೂ ಮನೆಯವರಿಗೆ ಹೇಳಿ. ಗುಂಡಗಿನ ಗಡ್ಡೆಯ ಅಡ್ಡಳತೆ ಶೇ 30 ಇಳಿಯಬೇಕಾದರೆ ಅದರ ಒಟ್ಟು ಗಾತ್ರದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಾಯವಾಗಬೇಕು. ನಾರು ಮತ್ತು ನೀರು ತುಂಬಿಕೊಂಡ ಸಾರ್ಕೋಮಾ ಮೂರು ಕೀಮೋದಲ್ಲಿ ಅಷ್ಟು ಕುಗ್ಗುವುದು ಅಪರೂಪ. ಹಾಗಾಗಿ ಈ ರೋಗದಲ್ಲಿ ‘ಸ್ಟೇಬಲ್’ ಎಂಬ ರಿಪೋರ್ಟನ್ನೇ ನಾವು ಹೆಚ್ಚು ನೋಡುವುದು. ಅದನ್ನು ಸೋಲು ಎಂದು ಓದಬೇಡಿ. ಗೆಲುವು ಎಂದೂ ನಾನು ಹೇಳುವುದಿಲ್ಲ. ಇಷ್ಟು ದೊಡ್ಡ ನಡುವಿನ ಜಾಗದಲ್ಲಿ ಮದ್ದು ಚೆನ್ನಾಗಿ ನಾಟಿದವರೂ ಇದ್ದಾರೆ, ನಾಟದವರೂ ಇದ್ದಾರೆ. ಅವರನ್ನು ಬೇರ್ಪಡಿಸಲು ಗಡ್ಡೆಯ ಒಳಗನ್ನೇ ನೋಡಬೇಕು.

ಒಳಗನ್ನು ನೋಡುವ ಪಾಠ ಕಲಿಸಿದ್ದು ಹೊಟ್ಟೆ, ಕರುಳಿನಲ್ಲಿ ಬರುವ ಜಿಸ್ಟ್ ಎಂಬ ಗಡ್ಡೆ. ಅದಕ್ಕೆ ಇಮಾಟಿನಿಬ್ ಮಾತ್ರೆ ಕೊಡಲು ಶುರುಮಾಡಿದಾಗ ರೋಗಿಗಳು ಚೇತರಿಸಿಕೊಳ್ಳುತ್ತಿದ್ದರು, ಆದರೆ ಸ್ಕ್ಯಾನ್‌ನಲ್ಲಿ ಗಡ್ಡೆ ಅಷ್ಟೇ ಇರುತ್ತಿತ್ತು, ಕೆಲವರಲ್ಲಿ ದೊಡ್ಡದೂ ಆಗುತ್ತಿತ್ತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಹೇಸುನ್ ಚೋಯ್ ಎಂಬ ರೇಡಿಯಾಲಜಿಸ್ಟ್ ಮತ್ತು ಅವರ ಸಂಗಡಿಗರು 2007ರಲ್ಲಿ ಬೇರೆ ಅಳತೆ ಮುಂದಿಟ್ಟರು: ಗಾತ್ರ ಶೇ 10ರಷ್ಟು ಇಳಿದರೆ, ಇಲ್ಲವೇ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲೆಂದು ರಕ್ತಕ್ಕೆ ಚುಚ್ಚುವ ದ್ರವ) ಕೊಟ್ಟು ತೆಗೆದ ಸಿ.ಟಿ.ಯಲ್ಲಿ ಗಡ್ಡೆಯ ಸಾಂದ್ರತೆ ಶೇ 15ರಷ್ಟು ಇಳಿದರೆ ಅದನ್ನು ಸ್ಪಂದನೆ ಎಂದೇ ಎಣಿಸಬೇಕು. ನೀರಿಗೆ ಬಿಟ್ಟು ಜೊಳ್ಳು ಹುಡುಕುವ ಬುದ್ಧಿಯೇ ಇದು. 2009ರಲ್ಲಿ ಇಟಲಿಯ ಮಿಲಾನ್‌ನ ತಂಡ ಇದೇ ಅಳತೆಯನ್ನು ಹೈ ಗ್ರೇಡ್ ಸಾಫ್ಟ್ ಟಿಶ್ಯೂ ಸಾರ್ಕೋಮಾಕ್ಕೆ ಹಚ್ಚಿ ನೋಡಿತು. ಆಪರೇಷನ್ ನಂತರ ಸೂಕ್ಷ್ಮದರ್ಶಕದಲ್ಲಿ ಕಂಡ ಸತ್ಯಕ್ಕೆ ರೆಸಿಸ್ಟ್‌ಗಿಂತ ಚೋಯ್ ಅಳತೆಯೇ ಹತ್ತಿರವಾಗಿತ್ತು.

ತೊಡೆಯ ಗಡ್ಡೆಗೆ ನಾವು ಹೆಚ್ಚಾಗಿ ಮಾಡಿಸುವುದು ಎಂಆರ್‌ಐ. ಅದರಲ್ಲಿ ನಾನು ಮೊದಲು ನೋಡುವುದು ಕಾಂಟ್ರಾಸ್ಟ್ ಚುಚ್ಚುವ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು. ಜೀವವಿರುವ ಗಡ್ಡೆಗೆ ರಕ್ತ ಹರಿಯುತ್ತದೆ, ಅಲ್ಲಿ ಕಾಂಟ್ರಾಸ್ಟ್ ಹೊಳೆಯುತ್ತದೆ. ಸತ್ತ ಭಾಗ ಕತ್ತಲಾಗಿಯೇ ಉಳಿಯುತ್ತದೆ. ಮೊದಲ ಸ್ಕ್ಯಾನ್‌ನಲ್ಲಿ ಗಡ್ಡೆಯಿಡೀ ಹೊಳೆದು, ಈಗ ಅಂಚಿನಲ್ಲಿ ತೆಳ್ಳಗಿನ ಬಳೆಯಷ್ಟೇ ಹೊಳೆದರೆ ನನಗೆ ಸಮಾಧಾನ. ಅಂಚಿನಲ್ಲಿ ದಪ್ಪ ಗಂಟುಗಳು ಹೊಸದಾಗಿ ಹೊಳೆಯುತ್ತಿದ್ದರೆ ಆತಂಕ, ಒಟ್ಟು ಅಳತೆ ಕುಗ್ಗಿದ್ದರೂ ಸರಿ. ಡಿಫ್ಯೂಷನ್ ಎಂಬ ಇನ್ನೊಂದು ಬಗೆಯ ಚಿತ್ರ ಗಡ್ಡೆಯೊಳಗೆ ನೀರಿನ ಕಣಗಳು ಎಷ್ಟು ಸರಾಗವಾಗಿ ಚಲಿಸುತ್ತವೆ ಎಂದು ತೋರಿಸುತ್ತದೆ. ಕೋಶಗಳು ಒತ್ತೊತ್ತಾಗಿದ್ದರೆ ನೀರಿಗೆ ಜಾಗವಿಲ್ಲ; ಅವು ಸತ್ತು ಗೋಡೆ ಒಡೆದಾಗ ನೀರು ಸಲೀಸಾಗಿ ಹರಿದಾಡುತ್ತದೆ. ಇವುಗಳ ಜೊತೆಗೆ ಗಡ್ಡೆಯ ಸುತ್ತಲಿನ ಬಾವು ಇಳಿದಿದೆಯೇ, ತೊಡೆಯ ದೊಡ್ಡ ರಕ್ತನಾಳ ಮತ್ತು ನರಕ್ಕೂ ಗಡ್ಡೆಗೂ ನಡುವೆ ಒಂದು ಎಳೆ ಜಾಗ ಬಿಟ್ಟುಕೊಂಡಿದೆಯೇ ಎಂದು ಸರ್ಜನ್ ನೋಡುತ್ತಾರೆ. ಈ ಕೊನೆಯದು ರಿಪೋರ್ಟಿನ ‘ಸ್ಟೇಬಲ್’ ಎಂಬ ಪದದಲ್ಲಿ ಕಾಣುವುದೇ ಇಲ್ಲ, ಆದರೆ ಕಾಲು ಉಳಿಸುವ ಕೆಲಸದಲ್ಲಿ ಅದೇ ಮುಖ್ಯ.

ಪೆಟ್ ಸ್ಕ್ಯಾನ್ ಮಾಡಿಸಿಲ್ಲ ಎಂದು ಕೊರಗಬೇಡಿ. ಅದು ಉಪಯೋಗದ ಪರೀಕ್ಷೆ ಹೌದು. ಗಡ್ಡೆ ಎಷ್ಟು ಸಕ್ಕರೆ ಹೀರುತ್ತಿದೆ ಎಂದು ಅದು ತೋರಿಸುತ್ತದೆ. ಲಾಸ್ ಏಂಜಲೀಸ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀರುವಿಕೆ ಶೇ 60ರಷ್ಟಾದರೂ ಇಳಿದವರಲ್ಲಿ ಗಡ್ಡೆ ಒಳಗೆ ಚೆನ್ನಾಗಿ ಸತ್ತಿರುವ ಸಾಧ್ಯತೆ ಹೆಚ್ಚು ಎಂದು ಕಂಡಿತು, ಗಾತ್ರದ ಅಳತೆ ಅಲ್ಲಿ ನೆರವಿಗೆ ಬರಲಿಲ್ಲ. ಆದರೆ ಹೋಲಿಸಬೇಕಾದರೆ ಕೀಮೋಗೆ ಮೊದಲೂ ಒಂದು ಪೆಟ್ ಆಗಿರಬೇಕು, ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ, ರಕ್ತದ ಸಕ್ಕರೆ ಹಿಡಿತದಲ್ಲಿರುವಾಗ. ಮೊದಲು ಮಾಡಿಸದೆ ಈಗೊಂದು ಮಾಡಿಸಿದರೆ ಮದ್ದು ಎಷ್ಟು ನಾಟಿತೆಂದು ತಿಳಿಯುವುದಿಲ್ಲ. ಅದಕ್ಕಾಗಿ ಸಾಲ ಮಾಡಬೇಡಿ. ಎದೆಯ ಸಿ.ಟಿ. ಮಾತ್ರ ಬಿಡುವಂತಿಲ್ಲ. ಸಾರ್ಕೋಮಾ ಹರಡುವುದು ಬಹುತೇಕ ಶ್ವಾಸಕೋಶಕ್ಕೇ. ಕೀಮೋ ನಡೆಯುವಾಗ ಅಲ್ಲಿ ಹೊಸ ಚುಕ್ಕೆ ಬಂದಿದ್ದರೆ ತೊಡೆಯ ಗಡ್ಡೆ ಎಷ್ಟೇ ಕುಗ್ಗಿರಲಿ, ಲೆಕ್ಕವೇ ಬದಲಾಗುತ್ತದೆ.

ಯಂತ್ರಗಳ ಮಾತಾಯಿತು, ಇನ್ನು ಕೈಯ ಮಾತು. ಹಾಸನದ ನನ್ನ ಒಪಿಡಿಯಲ್ಲಿ ಒಂದು ಅಳತೆ ಪಟ್ಟಿ ಯಾವಾಗಲೂ ಮೇಜಿನ ಮೇಲಿರುತ್ತದೆ. ಮಂಡಿಚಿಪ್ಪಿನಿಂದ ಮೇಲಕ್ಕೆ ಇಷ್ಟು ಸೆಂಟಿಮೀಟರ್ ಎಂದು ಗುರುತು ಮಾಡಿ ಎರಡೂ ತೊಡೆಗಳ ಸುತ್ತಳತೆ ಬರೆದಿಡುತ್ತೇನೆ. ಎರಡೂ ಏಕೆಂದರೆ, ಓಡಾಟವಿಲ್ಲದೆ ಮಾಂಸ ಕರಗಿ ಕಾಲು ಸಣ್ಣಗಾದದ್ದನ್ನು ಗಡ್ಡೆ ಇಳಿದದ್ದು ಎಂದುಕೊಳ್ಳಬಾರದು. ಚರ್ಮ ಬಿಗಿದು ಮಿರುಗುತ್ತಿದ್ದದ್ದು ಸಡಿಲವಾಗಿದೆಯೇ, ಮೇಲೆ ಕಾಣುತ್ತಿದ್ದ ನೀಲಿ ನರಗಳು ತಗ್ಗಿವೆಯೇ, ಮಂಡಿ ಮೊದಲಿಗಿಂತ ಹೆಚ್ಚು ಮಡಿಸಲು ಬರುತ್ತದೆಯೇ, ಗಡ್ಡೆಯನ್ನು ಪಕ್ಕಕ್ಕೆ ಅಲುಗಾಡಿಸಲು ಆಗುತ್ತದೆಯೇ ಎಂದು ನೋಡುತ್ತೇನೆ. ಕಲ್ಲಿನಂತಿದ್ದದ್ದು ಮೆತ್ತಗಾದರೆ, ನೋವಿನ ಮಾತ್ರೆ ಬಿಟ್ಟರೂ ನಿದ್ದೆ ಬಂದರೆ, ಅದನ್ನು ನಾನು ಕಡತದಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಇವೇ ಪೂರ್ತಿ ಪುರಾವೆಯಲ್ಲ. ರಕ್ತ ಸೋರಿದ ಗಡ್ಡೆಯೂ ಮೆತ್ತಗಾಗುತ್ತದೆ. ಆದರೆ ನೋವು ಇಳಿದು, ಮಂಡಿ ಮಡಿಸಲು ಬಂದು, ಸ್ಕ್ಯಾನ್‌ನಲ್ಲೂ ಕತ್ತಲ ಭಾಗ ಹೆಚ್ಚಿದ್ದರೆ ಮೂರೂ ಒಂದೇ ಕಡೆ ಬೆರಳು ತೋರುತ್ತಿವೆ ಎಂದರ್ಥ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಆಲೂರು ಕಡೆಯ ಒಬ್ಬರಿಗೆ ನಾನು ಸ್ಕ್ಯಾನ್‌ನ ಅಂಕಿಯೊಂದನ್ನೇ ನೋಡಿ, ಮದ್ದು ಹಿಡಿದಂತಿಲ್ಲ ಎಂದುಬಿಟ್ಟಿದ್ದೆ. ಗಡ್ಡೆ ಒಂದು ಸೆಂಟಿಮೀಟರ್ ಬೆಳೆದಿತ್ತು. ಆಪರೇಷನ್ ಮುಗಿದು ಗಡ್ಡೆಯನ್ನು ಹೋಳು ಮಾಡಿದಾಗ ಒಳಗೆ ತುಂಬಿದ್ದದ್ದು ಕಂದುಬಣ್ಣದ ಹಳೆ ರಕ್ತ, ಹಳದಿಗಟ್ಟಿದ ಸತ್ತ ಮಾಂಸ. ಜೀವಂತ ಕೋಶಕ್ಕಾಗಿ ಪೆಥಾಲಜಿಸ್ಟ್ ಸ್ಲೈಡ್ ಸ್ಲೈಡಿನಲ್ಲಿ ಹುಡುಕಬೇಕಾಯಿತು. ಆ ಮೂರು ವಾರ ಅವರೂ ಅವರ ಹೆಂಡತಿಯೂ ನಾನಾಡಿದ ಒಂದು ಮಾತಿನಿಂದ ಎಷ್ಟು ಕುಸಿದಿದ್ದರೆಂಬುದು ನನಗೆ ಇವತ್ತಿಗೂ ನೆನಪಿದೆ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ಕೊನೆಯ ತೀರ್ಪು ಪೆಥಾಲಜಿಸ್ಟ್‌ರದ್ದು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಹೊರಮೈಗೆ ಶಾಯಿ ಬಳಿಯುತ್ತಾರೆ, ಅಂಚು ಗುರುತಿಸಲು. ಆಮೇಲೆ ಅತಿ ಅಗಲವಾದ ಕಡೆ ಒಂದು ಪೂರ್ತಿ ಹೋಳು ತೆಗೆದು, ಅದನ್ನು ನಕಾಶೆಯ ಹಾಗೆ ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೂರನ್ನೂ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಯುರೋಪಿನ ಸಾರ್ಕೋಮಾ ತಜ್ಞರ ಗುಂಪು ಇದಕ್ಕೆ ಐದು ಮೆಟ್ಟಿಲು ಮಾಡಿದೆ: ಜೀವಂತ ಕೋಶವೇ ಇಲ್ಲ, ಶೇ 1ಕ್ಕಿಂತ ಕಡಿಮೆ, ಶೇ 1ರಿಂದ 10ರೊಳಗೆ, 10ರಿಂದ 50ರೊಳಗೆ, 50 ಮತ್ತು ಅದಕ್ಕೂ ಹೆಚ್ಚು. ಎಷ್ಟು ಸತ್ತಿದೆ ಎನ್ನುವುದಕ್ಕಿಂತ ಎಷ್ಟು ಬದುಕಿದೆ ಎಂದು ಎಣಿಸುವ ಈ ರೀತಿ ನನಗೆ ಹೆಚ್ಚು ಒಪ್ಪಿಗೆ.

ಅದಕ್ಕೆ ಕಾರಣವಿದೆ. ಇಂಥ ದೊಡ್ಡ ಗಡ್ಡೆಯ ನಡುಭಾಗ ಕೀಮೋ ಮುಟ್ಟುವ ಮೊದಲೇ ಸತ್ತಿರಬಹುದು. ಅಷ್ಟು ವೇಗವಾಗಿ ಬೆಳೆದ ಗಡ್ಡೆಗೆ ತನ್ನ ನಡುಭಾಗಕ್ಕೆ ರಕ್ತ ಒದಗಿಸಲು ಆಗುವುದಿಲ್ಲ. ಅದಕ್ಕಾಗಿಯೇ ಮೊದಲ ಬಯಾಪ್ಸಿಯಲ್ಲಿ ಗ್ರೇಡ್ ನಿರ್ಧರಿಸುವಾಗ ಸತ್ತ ಭಾಗ ಹೆಚ್ಚಿದ್ದರೆ ಅದನ್ನು ರೋಗದ ಉಗ್ರತೆಗೆ ಸೇರಿಸಿ ಅಂಕ ಹಾಕುತ್ತಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ನೆಕ್ರೋಸಿಸ್’, ಅಂದರೆ ಸತ್ತ ಭಾಗ, ಎಂದಿದ್ದರೆ ಕೆಟ್ಟ ಸೂಚನೆ, ಕೀಮೋ ನಂತರದ ರಿಪೋರ್ಟಿನಲ್ಲಿ ಅದೇ ಪದ ಒಳ್ಳೆಯ ಸೂಚನೆ. ಎರಡು ರಿಪೋರ್ಟನ್ನೂ ಅಕ್ಕಪಕ್ಕ ಓದಿ ಗಾಬರಿಗೊಂಡ ಎಷ್ಟೋ ಮನೆಯವರನ್ನು ಕಂಡಿದ್ದೇನೆ. ನೆಕ್ರೋಸಿಸ್ ಜೊತೆಗೆ ನಾರುಗಟ್ಟಿದ, ಗಾಜಿನಂತೆ ನಯವಾದ ಕಲೆಯ ಭಾಗವೂ ಬೇಕಾದಷ್ಟು ಕಂಡರೆ, ಅದು ಚಿಕಿತ್ಸೆಯ ಹೆಜ್ಜೆಗುರುತು ಎಂದು ನಂಬಲು ಹೆಚ್ಚು ಆಧಾರ ಸಿಗುತ್ತದೆ. ಕೀಮೋ ಆದ ಗಡ್ಡೆಗೆ ಹೊಸದಾಗಿ ಗ್ರೇಡ್ ಕೊಡುವುದು ನಂಬಲರ್ಹವಲ್ಲ. ಆದ್ದರಿಂದ ಹಳೆಯ ಬಯಾಪ್ಸಿಯ ಸ್ಲೈಡು ಮತ್ತು ಮೇಣದ ಬ್ಲಾಕು ನಿಮ್ಮ ತಮ್ಮನ ಆಸ್ತಿ ಪತ್ರವಿದ್ದ ಹಾಗೆ, ಜೋಪಾನ ಮಾಡಿ.

2001ರಲ್ಲಿ ಲಾಸ್ ಏಂಜಲೀಸ್‌ನಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಆಪರೇಷನ್ ಮುಂಚಿನ ಚಿಕಿತ್ಸೆಯಿಂದ ಗಡ್ಡೆಯ ಶೇ 95 ಅಥವಾ ಹೆಚ್ಚು ಭಾಗ ಸತ್ತವರಲ್ಲಿ ರೋಗ ಮರುಕಳಿಸುವುದು ಕಡಿಮೆಯಿತ್ತು, ಆಯಸ್ಸೂ ಹೆಚ್ಚಿತ್ತು. ಆ ಅಂಕಿಯನ್ನು ಇಟ್ಟುಕೊಂಡು, 95 ಬರದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮೂಳೆಯ ಸಾರ್ಕೋಮಾದಲ್ಲಿ ಶೇ 90 ಎಂಬ ಗೆರೆ ದಶಕಗಳಿಂದ ಗಟ್ಟಿಯಾಗಿ ನಿಂತಿದೆ. ಸಾಫ್ಟ್ ಟಿಶ್ಯೂ ಸಾರ್ಕೋಮಾ ಎಂಬ ಒಂದೇ ಹೆಸರಿನಡಿ 70ಕ್ಕೂ ಹೆಚ್ಚು ಬಗೆಗಳಿವೆ, ಎಲ್ಲಕ್ಕೂ ಒಂದೇ ಗೆರೆ ಹೊಂದುವುದಿಲ್ಲ. ಸೈನೋವಿಯಲ್ ಸಾರ್ಕೋಮಾ ಕೀಮೋಗೆ ಬಗ್ಗುತ್ತದೆ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ ರೇಡಿಯೇಷನ್‌ಗೆ ಚೆನ್ನಾಗಿ ಕುಗ್ಗುತ್ತದೆ. ಅಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾ ಎಂಬುದು ಮಾಮೂಲು ಕೀಮೋಗೆ ಅಲುಗುವುದೇ ಇಲ್ಲ. ನಿಮ್ಮ ಪತ್ರದಲ್ಲಿ ಬಗೆಯ ಹೆಸರಿಲ್ಲ. ಮುಂದಿನ ಸಲ ಹೋದಾಗ ಕೇಳಿ ಬರೆದುಕೊಳ್ಳಿ.

ಆಪರೇಷನ್ ನಂತರ ಮತ್ತೆ ಕೀಮೋ ಕೊಡುವುದಿಲ್ಲ ಎಂದರೆ ಕೈಬಿಟ್ಟರು ಎಂದು ತಿಳಿಯಬೇಡಿ. ಇಟಲಿ ಮತ್ತು ಸ್ಪೇನ್‌ನ ತಜ್ಞರು ಕೀಮೋದ ಮೂರು ಸೈಕಲ್ (ಸುತ್ತು) ಮತ್ತು ಐದು ಸೈಕಲ್‌ಗಳನ್ನು ಹೋಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಷನ್‌ಗೆ ಮುಂಚಿನ ಮೂರನ್ನಷ್ಟೇ ಪಡೆದವರು ಐದು ಪಡೆದವರಿಗಿಂತ ಹಿಂದೆ ಬೀಳಲಿಲ್ಲ. ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಅಡ್ರಿಯಾಮೈಸಿನ್ ಹೃದಯದ ಮೇಲೆ, ಐಫೋಸ್ಫಮೈಡ್ ಮೂತ್ರಕೋಶ ಮತ್ತು ಮೂತ್ರಪಿಂಡದ ಮೇಲೆ ಭಾರ ಹಾಕುವ ಔಷಧಿಗಳು. ಬೇಕಾದದ್ದಕ್ಕಿಂತ ಒಂದು ಹನಿ ಹೆಚ್ಚು ಕೊಡದಿರುವುದೂ ಚಿಕಿತ್ಸೆಯೇ.

ಹಾಗಾದರೆ ನಿಜವಾಗಿ ಮದ್ದು ನಾಟದಿದ್ದರೆ? ಅದೂ ಆಗುತ್ತದೆ, ಮುಚ್ಚಿಡುವುದಿಲ್ಲ. ಗಡ್ಡೆ ವಾರದಿಂದ ವಾರಕ್ಕೆ ಕಣ್ಣಿಗೆ ಕಾಣುವಂತೆ ಉಬ್ಬುವುದು, ನೋವು ಏರುವುದು, ಸ್ಕ್ಯಾನ್‌ನಲ್ಲಿ ಹೊಳೆಯುವ ಭಾಗವೇ ಹೆಚ್ಚುವುದು, ಇವೆಲ್ಲ ಒಟ್ಟಿಗೆ ಬಂದರೆ ಅದೇ ಕೀಮೋ ಎಳೆಯುತ್ತಾ ಕೂರಬಾರದು. ತಕ್ಷಣ ಆಪರೇಷನ್ ಅಥವಾ ರೇಡಿಯೇಷನ್ ಕಡೆ ತಿರುಗಬೇಕು. ಪಾದ ಎತ್ತಲು ಆಗದಿದ್ದರೆ, ಕಾಲು ಜೋಮು ಹಿಡಿದೇ ಇದ್ದರೆ, ಗಡ್ಡೆಯ ಮೇಲಿನ ಚರ್ಮ ಕಪ್ಪಾದರೆ, ಕೆಮ್ಮಿದಾಗ ರಕ್ತ ಬಂದರೆ ಮುಂದಿನ ತಾರೀಖಿಗೆ ಕಾಯದೆ ಹೊರಡಿ. ಕೀಮೋ ಆದ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಹಾಗೆಯೇ; ಅದಕ್ಕೆ ಬೆಂಗಳೂರಿನವರೆಗೆ ಹೋಗುತ್ತಾ ಕೂರಬೇಡಿ, ಹಾಸನದ ಜಿಲ್ಲಾ ಆಸ್ಪತ್ರೆಗೇ ಮೊದಲು ಬನ್ನಿ.

ನಿಮ್ಮ ಭಾವನಿಗೆ ಒಂದು ಮಾತು. ಕಾಲು ತೆಗೆದರೆ ಜೀವ ಹೆಚ್ಚು ಭದ್ರ ಎಂಬುದು ಸಹಜವಾಗಿ ಬರುವ ಯೋಚನೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಇದನ್ನೇ ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ಕಾಲು ಅಥವಾ ಕೈ ತೆಗೆಸಿಕೊಂಡವರಿಗೂ, ಅದನ್ನು ಉಳಿಸಿ ಗಡ್ಡೆ ಮಾತ್ರ ತೆಗೆಸಿ ರೇಡಿಯೇಷನ್ ಪಡೆದವರಿಗೂ ಆಯಸ್ಸಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸುತ್ತಲಿನ ಆರೋಗ್ಯವಂತ ಅಂಚನ್ನೂ ಸೇರಿಸಿ ಗಡ್ಡೆಯನ್ನು ಪೂರ್ತಿ ತೆಗೆಯಲು ಆಗುವುದಾದರೆ ಕಾಲು ಉಳಿಸುವುದೇ ಸರಿ. ನನ್ನನ್ನು ಕೇಳಿದರೆ, ಕೀಮೋಗೆ ಗಡ್ಡೆ ಎಷ್ಟು ಸ್ಪಂದಿಸಿತು ಎಂಬುದಕ್ಕಿಂತ ಆ ಅಂಚು ಎಷ್ಟು ಚೊಕ್ಕವಾಗಿ ಸಿಕ್ಕಿತು ಎಂಬುದರ ಮೇಲೆ ನಿಮ್ಮ ತಮ್ಮನ ತೊಡೆಯಲ್ಲಿ ರೋಗ ಮತ್ತೆ ಬರುವುದು ಬಿಡುವುದು ಹೆಚ್ಚು ನಿಂತಿದೆ.

ಚಿಕ್ಕಪ್ಪನವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಡ್ಡೆಯ ಮೇಲೆ ಪಟ್ಟು ಹಾಕಿಸುವುದು, ಎಣ್ಣೆ ಹಚ್ಚಿ ತಿಕ್ಕುವುದು, ಕಾವು ಕೊಡುವುದು ಖಂಡಿತ ಬೇಡ. ಚರ್ಮ ಸುಟ್ಟು ಹುಣ್ಣಾದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಮೆತ್ತಗಾಗಿದೆ, ಒಳಗೆ ನೀರಿದೆ, ಸೂಜಿ ಹಾಕಿ ತೆಗೆದುಬಿಡೋಣ ಎಂದು ಹತ್ತಿರದ ಯಾರಾದರೂ ಹೇಳಿದರೂ ಒಪ್ಪಬೇಡಿ. ಸೂಜಿ ಹೋದ ದಾರಿಯುದ್ದಕ್ಕೂ ಕ್ಯಾನ್ಸರ್ ಕೋಶ ಚೆಲ್ಲಬಹುದು. ಆಗ ಆ ದಾರಿಯನ್ನೂ ಸೇರಿಸಿ ಹೆಚ್ಚು ಮಾಂಸ ತೆಗೆಯಬೇಕಾಗುತ್ತದೆ.

ಕೊನೆಯ ಕೀಮೋ ಆಗಿ ಮೂರ್ನಾಲ್ಕು ವಾರಕ್ಕೆ ರಕ್ತದ ಕಣಗಳು ಚೇತರಿಸಿಕೊಳ್ಳುತ್ತವೆ, ಸರ್ಜನ್ ಕಾಯುವುದು ಅದಕ್ಕೆ. ಅಷ್ಟರೊಳಗೆ ಸರ್ಜನ್, ಕೀಮೋ ಡಾಕ್ಟರು, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್ ಎಲ್ಲರೂ ಒಟ್ಟಿಗೆ ಕೂರುವ ಟ್ಯೂಮರ್ ಬೋರ್ಡ್‌ನಲ್ಲಿ ಈ ಕೇಸ್ ಚರ್ಚೆಯಾಗಿದೆಯೇ ಎಂದು ಕೇಳಿ. ಗಡ್ಡೆಯಲ್ಲಿ ಕಾಂಟ್ರಾಸ್ಟ್ ಹೊಳೆಯುವ ಭಾಗ ಮೊದಲಿಗಿಂತ ಕಡಿಮೆಯಾಗಿದೆಯೇ ಎಂಬ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೋಗುವಾಗ ರಿಪೋರ್ಟಿನ ಕಾಗದವಷ್ಟೇ ಸಾಲದು. ಎರಡೂ ಎಂಆರ್‌ಐಗಳ ಸಿ.ಡಿ. ಬೇಕು, ಏಕೆಂದರೆ ಹೋಲಿಸುವುದು ಚಿತ್ರವನ್ನು, ಅಂಕಿಯನ್ನಲ್ಲ. ನಿಮ್ಮ ಕಡೆಯ ಮಳೆಗೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ. ನಡುನಡುವೆ ಒಂದೊಂದು ಹಾಳೆ ಇಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಡುಗೆಮನೆಯ ಒಲೆಯ ಹತ್ತಿರವಲ್ಲದ ಒಣ ಜಾಗದಲ್ಲಿ ಇಡಿ.